ಪಕ್ಕದ ಸೀಟಿಗೆ ಬ್ರೇಕ್ ಇಲ್ಲ

ಫೆಬ್ರವರಿ 4, ಬೆಳಿಗ್ಗೆ

ಕ್ಷಮೆ ಇರಲಿ, ಬರೆಯುತ್ತಿದ್ದೇನೆ. ಯಾರ ಕ್ಷಮೆ ಕೇಳುತ್ತಿದ್ದೇನೋ ಗೊತ್ತಿಲ್ಲ. ಸ್ಕೂಲ್ ಹಾಸ್ಟೆಲ್‌ನಲ್ಲಿ ಡೈರಿ ಬರೆದರೆ ಯಾರಾದರೂ ಕದ್ದು ಜೋರಾಗಿ ಓದುತ್ತಿದ್ದರು. ಆ ಹೆದರಿಕೆ ಇನ್ನೂ ಹೋಗಿಲ್ಲ. ಈಗ ಕಾಲೇಜು, ಫಸ್ಟ್ ಇಯರ್, ಇರುವುದು ಸೋದರತ್ತೆಯ ಮನೆ. ಇಂಗ್ಲಿಷ್‌ನಲ್ಲಿ ಬರೆದರೆ ಅಸೈನ್‌ಮೆಂಟ್ ಥರ ಅನಿಸುತ್ತದೆ. ಕನ್ನಡವೇ ಇರಲಿ, ಹೇಗೆ ಬರುತ್ತೋ ಹಾಗೆ.

ಡ್ರೈವಿಂಗ್ ಕ್ಲಾಸ್. ಮತ್ತೆ ಅಂಗೈ ಒದ್ದೆ. ಕಲಿಸುವವರಿಗೆ ನಾನಿಟ್ಟ ಹೆಸರು ಕ್ಲಚ್ ಅಕ್ಕ — ಬಾಯಿ ತೆರೆದರೆ ಕ್ಲಚ್, ಕ್ಲಚ್. ಪಕ್ಕದ ಸೀಟಿನಲ್ಲಿ ಅವರ ಕಾಲಡಿಗೂ ಒಂದು ಬ್ರೇಕ್ ಇದೆ. ನನ್ನ ಧೈರ್ಯವೆಲ್ಲ ಅದೇ.

ಮುಂದೆ ಒಂದು ಬಿಳಿ ವ್ಯಾನ್. ಇಂಡಿಕೇಟರ್ ಮಿನುಗುತ್ತಲೇ ಇದೆ, ತಿರುಗುವುದಿಲ್ಲ. ಚಕ್ರ ಗೆರೆಯ ಆಚೆ, ಈಚೆ. ಗ್ರೀನ್ ಬಂದರೂ ನಿಂತೇ ಇತ್ತು... ಆಮೇಲೆ ಒಮ್ಮೆಲೇ ಜಿಗಿತ. ಓವರ್‌ಟೇಕ್ ಮಾಡಿ ತಪ್ಪಿಸಿಕೊಳ್ಳೋಣ ಎಂದೆ. ಅಕ್ಕ ಬಿಡಲಿಲ್ಲ.

"ಕುಡಿದಿದ್ದಾನೆ ಅನ್ಸುತ್ತೆ. ಮುಂದೆ ಹೋದ್ರೆ ಅವನು ನಿನ್ನ ಬೆನ್ನಿಗೆ ಬೀಳ್ತಾನೆ. ಅವನೇ ಮುಂದೆ ಇರ್ಲಿ, ಕಣ್ಣಿಗೆ ಕಾಣ್ತಿರ್ಲಿ. ಹಾರ್ನ್ ಬೇಡ. ದೂರ ಬಿಡು."

ದೂರ ಬಿಟ್ಟೆ. ರಸ್ತೆಯ ಅಂಚಿಗೆ ನಿಲ್ಲಿಸಿದ ಮೇಲೆ ಅಕ್ಕ ಪೊಲೀಸರಿಗೆ ಫೋನ್ ಮಾಡಿ ವ್ಯಾನಿನ ನಂಬರು, ಹೋದ ದಿಕ್ಕು ಹೇಳಿದರು. ನಿಮಗೂ ಹೆದರಿಕೆ ಆಯಿತಾ ಎಂದು ಕೇಳಿದೆ.

"ಹೆದರ್ಕೊಂಡೇ ಇಷ್ಟು ವರ್ಷ ಗಾಡಿ ಓಡ್ಸಿದೀನಿ. ಈಗ ಕ್ಲಚ್ ಒತ್ತು."

ಫೆಬ್ರವರಿ 15, ಸಂಜೆ

ಇದನ್ನು ಬರೆದೇ ತೀರುತ್ತೇನೆ.

ಅತ್ತೆ ಆಫೀಸ್ ಟ್ರೇನಿಂಗ್‌ಗೆಂದು ಬೇರೆ ಊರಿನಲ್ಲಿದ್ದಾರೆ, ಬರುವುದು ತಿಂಗಳ ಕೊನೆಗೆ. ಮಾವ ನನ್ನನ್ನೂ ಗುಬ್ಬಿಯನ್ನೂ (ಅವರ ಮಗಳು, ಮೂರನೇ ಕ್ಲಾಸ್, ಹಲ್ಲು ಬಿದ್ದ ಬಾಯಿ) ಗೆಳೆಯರ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಮಾವ ಜಾಲಿ ಮನುಷ್ಯ. ನನ್ನನ್ನು ಕರೆಯುವುದೇ ಇಂಗ್ಲಿಷ್ ರಾಣಿ ಎಂದು. ನನಗೆ ಇಷ್ಟವೇ ಅವರು. ಅದೇ ಕಷ್ಟ.

ವಾಪಸ್ ಬರುವಾಗ ಬಾಯಿ ತುಂಬ ಮಿಂಟ್ ಜಗಿಯುತ್ತಿದ್ದರು. ಗ್ರೀನ್ ಬಂದರೂ ನಿಂತರು. ಆಮೇಲೆ ಜಿಗಿದರು. ಗೆರೆಯ ಆಚೆ, ಈಚೆ. ಆ ಬಿಳಿ ವ್ಯಾನಿನೊಳಗೆ ನಾನೇ ಕೂತ ಹಾಗೆ. ಮುಂದೆ ಬಸ್ ನಿಂತಿತು — ಮಾವ ನಿಲ್ಲಿಸುತ್ತಿಲ್ಲ — ನಾನು ಎರಡೂ ಕಾಲಲ್ಲಿ ಬ್ರೇಕ್ ಒತ್ತಿದೆ.

ಕಾಲಡಿ ಬರೀ ಮ್ಯಾಟ್. ಪಕ್ಕದ ಸೀಟು ಎಂದರೆ ಬ್ರೇಕ್ ಇದ್ದೇ ಇರುತ್ತದೆ ಎಂದು ಕ್ಲಾಸಿನಲ್ಲಿ ತಲೆಗೆ ಹೋಗಿಬಿಟ್ಟಿದೆ. ಬಸ್ಸಿನ ಹಿಂಭಾಗಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಕಾರು ನಿಂತಿತು. ಮಾವ ನಕ್ಕರು. ನೆಲ ತೂತು ಮಾಡಬೇಡ ಕಣೇ, ರಿಪೇರಿ ಖರ್ಚು ಜಾಸ್ತಿ ಎಂದರು.

ಮನಸ್ಸಿನಲ್ಲಿ ಇಂಗ್ಲಿಷ್‌ನಲ್ಲಿ ರಿಹರ್ಸಲ್ ಮಾಡಿದ್ದೆ. ಬಂದದ್ದು ಬೇರೆಯೇ.

"ಮಾವ, ಗಾಡಿ ನಿಲ್ಸಿ. ಗುಬ್ಬಿನೂ ನಾನೂ ಇಳೀತೀವಿ."

"ಎರಡೇ ಎರಡು ಪೆಗ್ ಕಣೇ. ಕಣ್ಣು ಮುಚ್ಕೊಂಡು ಮನೆ ಸೇರಿಸ್ತೀನಿ."

"ಕಣ್ಣು ಬಿಟ್ಕೊಂಡಿದ್ದಾಗ್ಲೇ ಬಸ್ ಕಾಣ್ಲಿಲ್ಲ ನಿಮಗೆ."

ನಿಲ್ಲಿಸಲಿಲ್ಲ. ಮುಂದಿನ ರೆಡ್ ಲೈಟಿನಲ್ಲಿ ಫುಟ್‌ಪಾತ್ ಕಡೆ ಇಳಿದು, ಹಿಂದಿನ ಸೀಟಿನಿಂದ ಗುಬ್ಬಿಯನ್ನೂ ಕೈ ಹಿಡಿದು ಇಳಿಸಿದೆ. ಬಸ್ಸಿನಲ್ಲಿ ಬಂದೆವು. ಅವರು ನಮಗಿಂತ ಮುಂಚೆ ಬಂದು ಟಿವಿ ಮುಂದೆ ಕೂತಿದ್ದರು. ಯಾರಿಗೂ ಏನೂ ಆಗಿಲ್ಲ, ಸದ್ಯ. ಆದರೆ ಅವರನ್ನು ತಡೆಯಲಾಗಲಿಲ್ಲ ನನ್ನಿಂದ. ಅದು ಚುಚ್ಚುತ್ತಿದೆ.

ಫೆಬ್ರವರಿ 16

ಟೋಸ್ಟ್ ಮುಂದಿಟ್ಟುಕೊಂಡು ಮಾವ ಕೇಳಿದರು — ಹಾಸ್ಟೆಲ್‌ನಲ್ಲಿ ದೊಡ್ಡವರಿಗೆ ಎದುರು ಮಾತಾಡೋದನ್ನೇ ಕಲಿಸಿದರಾ. ಇಲ್ಲ. ಅಲ್ಲಿ ಕಲಿಸಿದ್ದು ಬಾಯಿ ಮುಚ್ಚಿಕೊಂಡಿರುವುದನ್ನು. ಯಾರ ಮೇಲೂ ಚಾಡಿ ಹೇಳಬಾರದು, ಹೇಳಿದವಳ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ. ಎದುರು ಮಾತು ನಾನೇ ಹೊಸದಾಗಿ ಕಲಿಯುತ್ತಿದ್ದೇನೆ.

ಅತ್ತೆಯ ಕಿವಿಗೆ ಬಿದ್ದರೆ ನಾನು ಮತ್ತೆ ಹಾಸ್ಟೆಲ್‌ಗೇ ಅಂತೆ. ಹೇಳುವುದಿಲ್ಲ ಎಂದೆ. ಒಂದು ಕಂಡೀಷನ್ ಮೇಲೆ: ಗುಬ್ಬಿ ಕಾರಿನಲ್ಲಿದ್ದಾಗ ಕುಡಿದು ಓಡಿಸಬಾರದು. "ಆಯ್ತು ಮಹಾರಾಣಿ" ಎಂದರು.

ಫೆಬ್ರವರಿ 22, ಮಧ್ಯಾಹ್ನ

ಗುಬ್ಬಿಯ ಸ್ವಿಮ್ಮಿಂಗ್ ಕಾಂಪಿಟೇಷನ್ ಇವತ್ತು. ಬೆಳಿಗ್ಗೆಯಿಂದ ಗಾಗಲ್ಸ್ ಹಣೆಯ ಮೇಲೇ ಇದೆ. ಮಾವನ ಗೆಳೆಯರು ಬಂದು ಹೋದರು. ಮಹಡಿಯಿಂದ ಇಳಿಯುವಾಗ ಮಾವನ ಭುಜ ಬಾಗಿಲಿಗೆ ತಾಗಿತು. ಬಾಗಿಲಿಗೇ ಸಾರಿ ಹೇಳಿದರು. ಗುಬ್ಬಿ ನಕ್ಕಳು. ನಾನು ಮೊಳೆಗೆ ನೇತುಹಾಕಿದ್ದ ಕಾರ್ ಕೀ ತೆಗೆದುಕೊಂಡು, ಅವಳನ್ನು ನನ್ನ ರೂಮಿಗೆ ಎಳೆದುಕೊಂಡು ಬಂದು ಒಳಗಿನಿಂದ ಚಿಲಕ ಹಾಕಿದೆ.

ಟ್ಯಾಕ್ಸಿ ಬುಕ್ ಮಾಡಿದ್ದೇನೆ. ಮಾವನೂ ಬರಲಿ, ಹಿಂದಿನ ಸೀಟಿನಲ್ಲಿ ಕೂತು. ಹಾಗೆಂದು ಬಾಗಿಲ ಈಚೆಯಿಂದಲೇ ಹೇಳಿದೆ. ಮೊದಲು ಪುಸಲಾಯಿಸಿದರು, ಕೊಡಮ್ಮಾ ರಾಣಿ, ಮಗುಗೆ ಲೇಟ್ ಆಗುತ್ತೆ. ಈಗ ಬಡಿಯುತ್ತಿದ್ದಾರೆ. ಮನೆ ಬಿಟ್ಟು ಹೋಗು ಎನ್ನುತ್ತಿದ್ದಾರೆ. ಹೋಗುತ್ತೇನೆ. ಕೀ ಕೊಡುವುದಿಲ್ಲ.

"ಅಪ್ಪಂಗೆ ಹುಷಾರಿಲ್ವಾ?" ಎಂದು ಗುಬ್ಬಿ ಕೇಳಿದಳು. ಸುಳ್ಳು ಹೇಳಲಿಲ್ಲ.

ಅತ್ತೆ ಫೋನ್ ಎತ್ತುತ್ತಿಲ್ಲ, ಟ್ರೇನಿಂಗ್ ನಡೆಯುತ್ತಿರಬೇಕು. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಈ ಬರವಣಿಗೆ. ಈಗಷ್ಟೇ ಕಳಿಸಿದ ಮೆಸೇಜ್:

ಅತ್ತೆ, ಮಾವ ಕುಡಿದಿದ್ದಾರೆ. ಗುಬ್ಬಿನ ಕಾರಲ್ಲಿ ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ. ಕೀ ನನ್ನ ಹತ್ರ ಇದೆ, ನಾನು ಕೊಡಲ್ಲ. ನೀವು ಅವರಿಗೆ ಫೋನ್ ಮಾಡಿ. ಪ್ಲೀಸ್ ಬೇಗ ರಿಪ್ಲೈ ಮಾಡಿ