ಅಣ್ಣ ನೀರು ಕುಡಿಯದ ಮನೆ

ದಿಲ್‌ಸುಖ್‌ನಗರ, ಹೈದರಾಬಾದ್
12 ಫೆಬ್ರುವರಿ 2007

ಅಣ್ಣಾ,

ನಿನ್ನ ಸಿಟ್ಟು ಇಳಿದಿರಲಿ, ಇಳಿಯದೇ ಇರಲಿ, ತಂಗಿ ಪ್ರಫುಲ್ಲಾಳ ನಮಸ್ಕಾರ ಮಾತ್ರ ತೆಗೆದುಕೋ. ವತ್ಸಲಾ ವೈನಿಗೂ ಹೇಳು. ನಾವೆಲ್ಲ ಆರಾಮಾಗಿದ್ದೇವೆ.

ಸುದ್ದಿ ಏನೆಂದರೆ, ಇದೇ ಊರಿನ ಕೊಂಡಾಪುರದಲ್ಲಿ ಎರಡು ಕೋಣೆಯ ಸ್ವಂತ ಮನೆಯಾಯಿತು. ಯುಗಾದಿ ಕಳೆದ ಮೇಲೆ ವಾಸ್ತುಶಾಂತಿ. ಹೌದು, ಇಳಕಲ್ಲಿನ ನಿನ್ನ ಸೀರೆ ಅಂಗಡಿಯಲ್ಲಿ ಕೂಡಲು ಒಲ್ಲೆನೆಂದು ಹೊಲಿಗೆ ಮಷಿನ್ ಹೊತ್ತುಕೊಂಡು ಈ ಊರಿಗೆ ಬಂದರಲ್ಲ, ಅದೇ ನನ್ನ ಗಂಡ ದುಡಿದು ಮಾಡಿದ ಮನೆ! ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಮಂದಿಯ ಮುಂದೆ ನೀನು, "ಆ ದರ್ಜಿ ಮನ್ಯಾಗ ನಾ ಸಾಯೂತನಕ ಒಂದು ಹನಿ ನೀರು ಕುಡಿಯಂಗಿಲ್ಲ" ಎಂದು ಆಣೆ ಇಟ್ಟಿದ್ದೆ. ಇಲ್ಲಿಯ ಅಬಿಡ್ಸ್ ಪೇಟೆಗೆ ಮಾಲು ತರಲು ಬಂದವನು ನಮ್ಮ ಕಡೆ ತಲೆ ಹಾಕದೆ ಹೋಗುವುದೂ ನನಗೆ ಗೊತ್ತು.

ಇವರ ಜಿಪುಣತನಕ್ಕೆ ಮೊದಮೊದಲು ನಾನೂ ಹಣೆ ಹಣೆ ಬಡಿದುಕೊಂಡವಳೇ. ಹಗಲೆಲ್ಲ ಅಬಿಡ್ಸ್‌ನ ಅಂಗಡಿಯೊಂದರಲ್ಲಿ ಹೊಲಿಗೆ, ಸಂಜೆ ನಮ್ಮ ಒಂದೇ ಕೋಣೆಯಲ್ಲಿ ಮತ್ತೆ ಹೊಲಿಗೆ. ಹೊರಗೆ ಒಂದು ಕಪ್ ಚಹಾ ಕುಡಿದವರಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗುವುದು. ಕತ್ತರಿಸಿ ಉಳಿದ ಬಟ್ಟೆಯನ್ನಂತೂ ಎಸೆಯಗೊಡುತ್ತಿರಲಿಲ್ಲ. ಕಾಲಿಡಲು ಜಾಗವಿಲ್ಲ ಎಂದು ನಾನು ಜಗಳ ತೆಗೆದರೆ, "ಇರ್ಲಿ ಬಿಡ, ಕೌದಿಗೆ ಬರ್ತಾವ" ಎನ್ನುವರು. ನಾನೂ ಆ ತುಂಡುಗಳನ್ನು ಕೂಡಿಸಿ ಹೊದೆಯುವ ಕೌದಿ ಹೊಲಿದು ಮಾರತೊಡಗಿದೆ.

ಕಂಪ್ಯೂಟರ್ ಕಂಪನಿಗಳು ಬಂದು ಕೊಂಡಾಪುರ ತುಂಬತೊಡಗಿದಾಗ ಇವರು ಅಲ್ಲೊಂದು ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಮಷಿನ್ ಇಟ್ಟರು. ನೌಕರಿಯ ಹುಡುಗರು ರೆಡಿಮೇಡ್ ಪ್ಯಾಂಟು ತರುವುದು, ಉದ್ದವಾಯಿತೆಂದು ಇವರ ಹತ್ತಿರ ಓಡಿಬರುವುದು. ಒಮ್ಮೆ ಒಂದೇ ಕೋಣೆಯಲ್ಲಿದ್ದ ಇಬ್ಬರು ಹುಡುಗರ ಕರಿ ಪ್ಯಾಂಟುಗಳು ಅದಲುಬದಲಾಗಿ, ಗಿಡ್ಡನ ಅಳತೆಗೆ ಉದ್ದನೆಯವನ ಪ್ಯಾಂಟು ಕತ್ತರಿಸಿಬಿಟ್ಟರು! ಅವನಿಗೆ ಮರುದಿನವೇ ಇಂಟರ್‌ವ್ಯೂ. ಪಾಪ, ಅಳುವುದೊಂದು ಬಾಕಿ. ಇವರು ಕೌದಿಗೆಂದು ಕಟ್ಟಿಟ್ಟ ಗಂಟು ಬಿಚ್ಚಿ, ಆ ಪ್ಯಾಂಟಿನದೇ ತುಂಡುಗಳನ್ನು ಹುಡುಕಿ ತೆಗೆದು ಜೋಡಿಸಿ, ಹೊಲಿಗೆ ಕಾಣದಂತೆ ಕೆಳಗೊಂದು ಮಡಿಕೆ ಕೊಟ್ಟು ಇಸ್ತ್ರಿ ಮಾಡಿಕೊಟ್ಟರು. ಹುಡುಗನಿಗೆ ನೌಕರಿ ಸಿಕ್ಕಿತು. ಅವನ ಗೆಳೆಯರೆಲ್ಲ ನಮಗೂ ಅಂಥದೇ ಮಡಿಕೆ ಬೇಕೆಂದು ಸಾಲು ಹಚ್ಚಿದರು. "ಹೊಸ ಫ್ಯಾಶನ್ ಅನ್ನಾಕತ್ತಾರ, ನಾ ಯಾಕ ಅಲ್ಲ ಅನ್ಲಿ?" ಎಂದು ಇವರು ಬಿದ್ದು ಬಿದ್ದು ನಕ್ಕರು. ಎಂಥ ತಲೆ ನೋಡು! ಇವರ ಮೇಲೆ ನನಗೆ ಭಾಳ ಹೆಮ್ಮೆ ಅಣ್ಣಾ. ನಿನ್ನ ಮುಂದೆ ಹೇಳದೆ ಇನ್ಯಾರ ಮುಂದೆ ಹೇಳಲಿ?

ಈಗ ಅಲ್ಲಿಯೇ ಬೋರ್ಡು ಹಾಕಿದ ಅಂಗಡಿ ಇದೆ. ಕೈಕೆಳಗೆ ರಾಯಚೂರು ಕಡೆಯ ಇಬ್ಬರು ದರ್ಜಿಗಳಿದ್ದಾರೆ. ಆದರೂ ಚಹಾ ಮಾತ್ರ ಮನೆಯದೇ.

ನೀನು ಬರಬೇಕು. ತವರಿನ ಉಡುಗೊರೆಯಾಗಿ ನೀನು ತರುವ ಆಯೇರಿ ಸೀರೆ ಉಟ್ಟೇ ನಾನು ಹೊಸ ಮನೆಯ ಹೊಸ್ತಿಲು ದಾಟಬೇಕು. ಅಪ್ಪ ಇಲ್ಲ, ಅವ್ವ ಇಲ್ಲ, ತವರು ಅಂದರೆ ನೀನೊಬ್ಬನೇ. ನೀನು ಬಾರದಿದ್ದರೆ ಆ ಮನೆಯೇ ಬೇಡ ಅನ್ನಿಸುವಷ್ಟು ಸಂಕಟವಾಗುತ್ತದೆ. ಕರೆಯಲು ತಾವೇ ಇಳಕಲ್ಲಿಗೆ ಬರುವುದಾಗಿ ಹೇಳಿದರು ಇವರು. ನಾನೇ ತಡೆದೆ. ನೀನು ಮತ್ತೇನಾದರೂ ಅಂದರೆ ನನ್ನಿಂದ ಸಹಿಸಲಾಗದು.

ನಿನ್ನ ದಾರಿ ನೋಡುತ್ತಿರುವ ತಂಗಿ,
ಪ್ರಫುಲ್ಲಾ

ತಾ.ಕ.: ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದುಕೊಂಡಿದ್ದೆ. ಮೊನ್ನೆ ನೋಂದಣಿಯ ದಿನ ಇವರು ನನ್ನನ್ನೇ ಮುಂದೆ ತಳ್ಳಿ ಸಹಿ ಮಾಡಿಸಿದರು. ಮನೆ ಪೂರಾ ನನ್ನ ಹೆಸರಿಗೇ ಆಗಿದೆ. ಯಾಕ್ರೀ ಹಿಂಗ ಎಂದು ಕೇಳಿದ್ದಕ್ಕೆ ಅಂದರು: "ನಿಮ್ಮಣ್ಣಗ ಹೇಳು, ಆಣಿ ಮುರಿಯೂದು ಬ್ಯಾಡ. ಇದು ದರ್ಜಿ ಮನಿ ಅಲ್ಲ, ತಂಗಿ ಮನಿ. ಬಂದು ನೀರು ಕುಡೀಲಿ."