ಆಷಾಢ ಕಳೆಯಲಿ ಅಂದಿರಿ

ಶಂಕರಪುರಂ
೮ ಜುಲೈ ೨೦೦೩

ಟ್ರಸ್ಟಿನ ಕಾರ್ಯದರ್ಶಿ ಸುಬ್ಬಕೃಷ್ಣ ಅವರಿಗೆ ಪದ್ಮಾಸನಿಯ ನಮಸ್ಕಾರ.

ನನ್ನ ಮಗಳು ವೈದೇಹಿಯ ಕ್ಯಾನ್ಸರ್ ಔಷಧಿಗೆ ನಿಮ್ಮ ಟ್ರಸ್ಟ್ ಸಹಾಯ ಮಂಜೂರು ಮಾಡಿದೆ. ದೊಡ್ಡ ಉಪಕಾರವಾಯಿತು. ಆದರೆ ನಿನ್ನೆ ಚೆಕ್ ತೆಗೆದುಕೊಳ್ಳಲು ಬಂದರೆ, "ಆಷಾಢದಲ್ಲಿ ಕೊಡುವ ಪದ್ಧತಿ ನಮ್ಮಲ್ಲಿಲ್ಲಮ್ಮ, ಶ್ರಾವಣದಲ್ಲಿ ಬನ್ನಿ" ಅಂದಿರಿ. ನಾನೇನು ಮದುವೆ ಮುಹೂರ್ತ ಕೇಳಲು ಬಂದಿದ್ದೆನೇ? ಶುಕ್ರವಾರ ಅವಳಿಗೆ ಎರಡನೇ ಕೀಮೋ, ಔಷಧಿ ನಾವೇ ಕೊಂಡು ತರಬೇಕು. ಡಾಕ್ಟರಿಗೆ ಪಂಚಾಂಗ ತೋರಿಸಲೇ? ಈ ರೋಗ ಯಾವ ಮಾಸ ನೋಡಿಕೊಂಡು ಬಂತು?

ನಿಮ್ಮ ಪದ್ಧತಿ ಮುರಿಯುವುದು ಬೇಡ. ಚೆಕ್ಕಿಗೆ ಶ್ರಾವಣದ ತಾರೀಖನ್ನೇ ಹಾಕಿ ನಾಳೆ ಕೊಡಿ. ಔಷಧಿ ಅಂಗಡಿಯವರು ಅಲ್ಲಿಯವರೆಗೆ ಚೆಕ್ ಇಟ್ಟುಕೊಂಡು ಔಷಧಿ ಈಗಲೇ ಕೊಡಲು ಒಪ್ಪಿದ್ದಾರೆ. ಬೆಳಿಗ್ಗೆ ನೀವು ಬಾಗಿಲು ತೆಗೆಯುವ ಹೊತ್ತಿಗೆ ಬಂದು ಕೂತಿರುತ್ತೇನೆ.

ಇನ್ನೊಂದು ಮಾತು. ವೈದೇಹಿಗೆ ಮದುವೆಯಾದದ್ದು ಈ ವರ್ಷವೇ. ಆಷಾಢಕ್ಕೆ ತವರಿಗೆ ಬಂದಿದ್ದಾಳೆ ಅಂತ ಬೀದಿಯವರೆಲ್ಲ ತಿಳಿದಿದ್ದಾರೆ. ಕಾಯಿಲೆ ಗೊತ್ತಾದ ಮೇಲೆ ಅಳಿಯಂದಿರು ಒಂದು ಫೋನೂ ಮಾಡಿಲ್ಲ. ಶ್ರಾವಣ ಬಂದ ಕೂಡಲೇ ಬಂದು ಕರೆದುಕೊಂಡು ಹೋಗುತ್ತಾರೆ ಅಂತ ಇವಳು ಸೀರೆ ಮಡಿಸಿಟ್ಟುಕೊಂಡಿದ್ದಾಳೆ.

ಶ್ರಾವಣದ ಹೆಸರು ಹೇಳಿ ಕಾಯಿಸುವವರು ನಮ್ಮ ಮನೆಗೆ ಒಬ್ಬರು ಸಾಕು ಸ್ವಾಮಿ.

ಇಂತಿ,
ಪದ್ಮಾಸನಿ