ಎದುರಿನ ಅಂಗಡಿ

ಹಾಸ್ಟೆಲ್, ಮೂರನೇ ಮಹಡಿ
ಶನಿವಾರ, ಸೆಪ್ಟೆಂಬರ್ ೨೦, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಕೌಂಟರಿನಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೀಯೋ, ಇಲ್ಲ ‘ಗಿರಾಕಿ ನಿಂತಿರುವಾಗ ನಾನು ಕೂತ್ರೆ ಚೆನ್ನಾಗಿರಲ್ಲ’ ಎಂಬ ಹಳೇ ರಾಗವೇ? ಅಜ್ಜಿಯ ಕೆಮ್ಮು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತೇನೆ, ನಿದ್ದೆ ಮಾಡುತ್ತೇನೆ, ಟೆನ್ಷನ್ ಕೂಡ ಟೈಮಿಗೆ ಸರಿಯಾಗಿ ಮಾಡಿಕೊಳ್ಳುತ್ತೇನೆ. ಫೋನ್ ಕಂಪನಿಯವಳ ಮಗಳು ಪೆನ್ನು ಹಿಡಿದು ಕಾಗದ ಬರೆಯುವುದನ್ನು ನೋಡಿ ರೂಮ್‌ಮೇಟ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ನಗಲಿ. ನಮ್ಮ ಸಿಗ್ನಲ್ ಇಡೀ ಹಾಸ್ಟೆಲಿನಲ್ಲಿ ಸಿಗುವುದು ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಮಾತ್ರ, ಅದೂ ತಲೆ ಸ್ವಲ್ಪ ವಾಲಿಸಿಕೊಂಡು ನಿಂತರೆ. ಅಲ್ಲದೆ ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕಿ, ‘ಆಯ್ತು ಬಿಡು, ನೀನು ಓದ್ಕೋ’ ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಅಡ್ಡ ಮಾತಾಡಲು ಆಗುವುದಿಲ್ಲವಲ್ಲ!

ಹೋದ ತಿಂಗಳು ಮನೆಗೆ ಬಂದಾಗ ಅಜ್ಜಿ ನನಗೆ ಎಲ್ಲ ಹೇಳಿದಳು, ನೀನು ಬೇಡವೆಂದರೂ. ನಿಮ್ಮ ಶಾಖೆಯಲ್ಲಿ ಮೂರು ಕೌಂಟರಿನಲ್ಲಿ ಎರಡಕ್ಕೆ ಲೈಟೇ ಹಾಕುವುದಿಲ್ಲವಂತೆ, ಸಂಬಳ ಎರಡು ತುಂಡಾಗಿ ಬರುತ್ತದಂತೆ, ಬಾಡಿಗೆ ಕಟ್ಟದೆ ಊರಾಚೆಯ ಟವರುಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರಂತೆ. ಪೇಪರಿನವರು ಒಂದು ದಿನ ಕಂಪನಿ ಮುಳುಗಿತು ಎನ್ನುತ್ತಾರೆ, ಇನ್ನೊಂದು ದಿನ ಯಾರೋ ದೊಡ್ಡವರು ಕೊಂಡುಕೊಳ್ಳುತ್ತಾರೆ ಎನ್ನುತ್ತಾರೆ. ಇದರ ಮಧ್ಯೆ ರಸ್ತೆಯಾಚೆ ಎದುರಿನ ಕಂಪನಿಯ ಅಂಗಡಿಯ ಮ್ಯಾನೇಜರ್ ಮೂರು ಸಲ ರಸ್ತೆ ದಾಟಿ ಬಂದು ನಿನ್ನನ್ನು ಕೆಲಸಕ್ಕೆ ಕರೆದರಂತೆ. ಸೆಪ್ಟೆಂಬರ್ ಕೊನೆಯವರೆಗೆ ಜಾಗ ಹಿಡಿದಿಟ್ಟಿರುತ್ತೇನೆ ಎಂದಿದ್ದಾರಂತೆ. ನಾನು ಕೇಳಿದಾಗ ನೀನು ಇಸ್ತ್ರಿ ಮಾಡುತ್ತಿದ್ದೆ. ಕಂಪನಿಯ ನೀಲಿ ಕೋಟಿನ ಕಾಲರನ್ನು ಒತ್ತಿ ಒತ್ತಿ, ‘ಇಪ್ಪತ್ತೆರಡು ವರ್ಷ ಇವರ ಅನ್ನ ತಿಂದಿದ್ದೀನಿ. ಎದುರಿನ ಅಂಗಡೀಲಿ ಯಾವ ಮುಖ ಇಟ್ಕೊಂಡು ಕೂರ್ಲಿ?’ ಎಂದೆ. ನಾನೂ ಅವತ್ತು ನಿನ್ನ ಪಕ್ಷವೇ. ನಮ್ಮ ಮನೆಗೆ ಬೇರೆ ಕಂಪನಿಯ ಸಿಮ್ ಯಾವತ್ತಾದರೂ ಕಾಲಿಟ್ಟಿದೆಯೇ? ಮದುವೆಯಾಗಿ ಹೋದ ಅತ್ತೆಯ ಫೋನನ್ನೂ ನೀನು ಬಿಟ್ಟಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಎಕನಾಮಿಕ್ಸ್ ಸರ್ ಕಷ್ಟದಲ್ಲಿರುವ ಕಂಪನಿಗಳ ಹೆಸರು ಬರೆದು ಎಲ್ಲರಿಂದ ಚೀಟಿ ಎತ್ತಿಸಿದರು. ಐದು ವರ್ಷ ಬದುಕುತ್ತದೋ ಇಲ್ಲವೋ ಹೇಳಬೇಕು, ಕ್ಲಾಸಿನ ಮುಂದೆ ನಿಂತು. ನನ್ನ ಕೈಗೆ ಬಂದದ್ದು ಯಾವುದು ಹೇಳು? ಅದೇ! ಬೇರೆ ಚೀಟಿ ಕೊಡಿ ಎಂದು ಕೇಳುವ ಧೈರ್ಯವಾಗಲಿಲ್ಲ. ಒಂದು ವಾರ ಲೈಬ್ರರಿಯಲ್ಲಿ ಕೂತು ಗ್ರಾಫ್ ಎಳೆದೆ, ಎಲ್ಲವೂ ಜಾರುಬಂಡೆಯ ಹಾಗೆ ಕೆಳಗೇ. ಆಮೇಲೆ ಹಾಸ್ಟೆಲಿನಲ್ಲಿ ನಮ್ಮ ಗಿರಾಕಿಗಳು ಎಷ್ಟಿದ್ದಾರೆ ಎಂದು ಬಾಗಿಲು ಬಾಗಿಲು ತಟ್ಟಿ ಕೇಳಿದೆ. ಇನ್ನೂರು ಹುಡುಗಿಯರಲ್ಲಿ ನಾನೊಬ್ಬಳೇ. ಗೇಟಿನ ವಾಚ್‌ಮನ್ ತಾತ ನಮ್ಮವರೇ ಎಂದು ಯಾರೋ ಹೇಳಿದರು, ಓಡಿದೆ.

‘ಆಗಿದ್ದೆ ಕಣಮ್ಮ, ಹದಿನಾಲ್ಕು ವರ್ಷ’ ಎಂದರು ತಾತ. ಮಗಳ ಹೆರಿಗೆಯ ದಿನವೇ ಅವರ ಫೋನ್ ಕೆಟ್ಟು ಕೂತಿತ್ತಂತೆ. ಅಂಗಡಿ ಮುಚ್ಚುವ ಹೊತ್ತಾಗಿದ್ದರೂ ಕೌಂಟರಿನ ಮೇಡಂ ಎದ್ದಿಲ್ಲ. ಫೋನ್ ಸರಿಮಾಡಿದ ಕೂಡಲೇ ಮೊಮ್ಮಗಳು ಹುಟ್ಟಿದ ಸುದ್ದಿ ಅಲ್ಲೇ ಬಂದು, ಮೇಡಮ್ಮೇ ಮೊದಲು ಖುಷಿಯಿಂದ ಕೂಗಿದರಂತೆ! ನೀನು ಈ ಊರಿನ ಶಾಖೆಯಲ್ಲಿ ಎರಡು ವರ್ಷ ಇದ್ದವಳಲ್ಲವೇ, ಆ ಮೇಡಂ ನೀನೇ ಎಂದುಕೊಂಡು ನನಗೆ ಎದೆ ಉಬ್ಬಿಹೋಯಿತು. ನೋಡಲು ಹೇಗಿದ್ದರು ತಾತ ಎಂದೆ. ‘ತೆಳ್ಳಗೆ, ಉದ್ದಕ್ಕೆ, ಈ ಗೇಟಿನ ಕಂಬ ಇದ್ದಂಗೆ.’ ಬೇಜಾರು ಮಾಡಿಕೊಳ್ಳಬೇಡ ಅಮ್ಮಾ, ನೀನು ಕಂಬವಲ್ಲ, ಗೇಟು. ಒಂದು ನಿಮಿಷ ಮುಖ ಚಿಕ್ಕದಾಯಿತು, ಆಮೇಲೆ ಖುಷಿಯೂ ಆಯಿತು, ನಿನ್ನಂಥವರು ಇನ್ನೊಬ್ಬರಿದ್ದಾರಲ್ಲ ಎಂದು. ಹಾಗಾದರೆ ಕಂಪನಿ ಯಾಕೆ ಬಿಟ್ಟಿರಿ ಎಂದೆ. ‘ಆ ಮೇಡಂ ಹೋದ ವರ್ಷ ಬೇರೆ ಕಡೆ ಸೇರ್ಕೊಂಡ್ರು, ನಾನೂ ಹಿಂದೇನೇ ಹೋದೆ. ಕಂಪ್ನಿ ಯಾವ್ದಾದ್ರೇನಮ್ಮ, ನಾನು ಆ ಮೇಡಂ ಗಿರಾಕಿ.’

ಪ್ರೆಸೆಂಟೇಷನ್ ದಿನ ನಾನು ಒಂದು ಸ್ಲೈಡ್ ಒತ್ತಿದರೆ ಎರಡು ಹಾರುತ್ತಿದ್ದವು. ಭಯದಲ್ಲಿ ನನಗೇ ಗೊತ್ತಾಗದೆ ಮನೆಯಲ್ಲಿ ಮಾತಾಡುವ ಹಾಗೇ ಮಾತಾಡಿದ್ದೇನೆ. ನಮ್ಮ ಗಿರಾಕಿಗಳು ಬಿಟ್ಟುಹೋದರು, ಟವರಿನ ಬಾಡಿಗೆ ನಾವು ಕಟ್ಟಲಿಲ್ಲ, ನಮಗೆ ಹೊಸ ಸಾಲ ಹುಟ್ಟುತ್ತಿಲ್ಲ! ಹಿಂದಿನ ಬೆಂಚಿನಿಂದ ಒಬ್ಬಳು, ‘ಓನರಮ್ಮಾ, ಮೊದ್ಲು ನಮ್ಮ ಹಾಸ್ಟೆಲ್‌ಗೆ ಸಿಗ್ನಲ್ ಕೊಡಮ್ಮಾ!’ ಎಂದು ಕೂಗಿದಳು. ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ ಅಮ್ಮಾ. ಇಲ್ಲಿಗೆ ಬಂದ ಮೇಲೆ ಜನರ ಮಧ್ಯೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ಸರ್ ಕನ್ನಡಕ ಒರೆಸಿಕೊಳ್ಳುತ್ತಾ, ‘ಸರಿ ಓನರಮ್ಮಾ, ಬದುಕುತ್ತಾ?’ ಎಂದರು. ಕಷ್ಟ ಸರ್ ಎಂದೆ. ‘ಹಾಗಾದ್ರೆ ಅಲ್ಲಿ ಕೆಲಸ ಮಾಡೋರು ಏನು ಮಾಡ್ಬೇಕು?’ ಎಂದರು. ಅದಕ್ಕೆ ನನ್ನ ಹತ್ತಿರ ಸ್ಲೈಡ್ ಇರಲಿಲ್ಲ. ವಾಚ್‌ಮನ್ ತಾತನ ಕಥೆ ಹೇಳಿಬಿಟ್ಟೆ. ಸರ್ ತಲೆಯಾಡಿಸಿ ಎಲ್ಲರಿಗಿಂತ ಹೆಚ್ಚು ಮಾರ್ಕ್ಸ್ ಹಾಕಿದರು. ನಿನ್ನ ಕಂಪನಿ ಉಳಿಯುವುದಿಲ್ಲ ಎಂದು ಹೇಳಿ ನಿನ್ನ ಮಗಳು ಫಸ್ಟ್ ಬಂದಿದ್ದಾಳೆ, ಕ್ಷಮಿಸುತ್ತೀಯಾ? ಆ ಹಿಂದಿನ ಬೆಂಚಿನವಳು ಈಗ ಮೆಸ್ಸಿನಲ್ಲಿ ನನಗೆ ಜಾಗ ಹಿಡಿದಿಡುತ್ತಾಳೆ. ಒಬ್ಬಳೇ ಉಣ್ಣುವುದು ನಿಂತುಹೋಗಿದೆ.

ಅಜ್ಜಿಗೆ ಕಷಾಯ ಕುಡಿಯಲು ಹೇಳು, ನನ್ನ ಹೆಸರು ಹೇಳಿದರೆ ಕುಡಿಯುತ್ತಾಳೆ. ಅತ್ತೆಗೂ ಮಾಮನಿಗೂ ನಮಸ್ಕಾರ. ನಿನ್ನ ಮೊಣಕಾಲಿಗೆ ಒಂದು ಮುತ್ತು.

ನಿನ್ನ
ಪುಟ್ಟಿ

ತಾ.ಕ.: ಬೈಯಬೇಡ. ನಿನ್ನೆ ನನ್ನ ನಂಬರನ್ನು ಎದುರಿನ ಅಂಗಡಿಯವರ ಕಂಪನಿಗೆ ಪೋರ್ಟ್ ಮಾಡಿಸಲು ಕೊಟ್ಟುಬಂದೆ, ಇಲ್ಲಿನ ಅವರ ಶಾಖೆಯಲ್ಲಿ. ನಂಬರ್ ಅದೇ, ಮಗಳೂ ಅದೇ. ಕೌಂಟರಿನ ಹುಡುಗಿ ಮುಕ್ಕಾಲು ಗಂಟೆ ತಿಣುಕಿದಳು, ಯಾವ ಮೆಸೇಜ್ ಕಳಿಸಬೇಕೆಂದು ನಾನೇ ಹೇಳಿಕೊಟ್ಟೆ. ನನ್ನ ಮುಂದಿದ್ದ ಇನ್ನೊಬ್ಬ ತಾತನಿಗೆ ‘ಆ್ಯಪ್‌ನಲ್ಲಿ ನೋಡ್ಕೊಳ್ಳಿ’ ಎಂದು ಫೋನ್ ವಾಪಸ್ ಕೊಟ್ಟಳು, ಅದು ಗುಂಡಿ ಒತ್ತುವ ಫೋನು! ಅವರು ಅದನ್ನು ಹಿಂದೆ ಮುಂದೆ ತಿರುಗಿಸುತ್ತಾ ನಿಂತಿದ್ದರು. ನಾನು ನಿನ್ನ ಹಾಗೆ ಜೋರಾಗಿ, ನಿಧಾನವಾಗಿ ತೋರಿಸಿಕೊಟ್ಟೆ. ತಿರುಗಿ ನೋಡಿದರೆ ಹಿಂದೆ ಇನ್ನೂ ಹನ್ನೊಂದು ಜನ, ಎಲ್ಲರೂ ಅವಳನ್ನು ಬಿಟ್ಟು ನನ್ನ ಕಡೆಗೇ ಫೋನ್ ಚಾಚಿದ್ದಾರೆ. ಅಮ್ಮಾ, ೨೯ರ ಸೋಮವಾರ ರಸ್ತೆ ದಾಟು.